ನಿನಗೆ ಹೇಗೆ ಗೊತ್ತು?



ಸಮುವೇಲನ ಎರಡನೆಯ ಗ್ರಂಥವು ಯುದ್ಧದ ಸುದ್ದಿ ಹೊತ್ತು ತಂದ ಒಬ್ಬ ಮನುಷ್ಯನಿಂದ ಆರಂಭವಾಗುತ್ತದೆ. ಗಿಲ್ಬೋವ ಬೆಟ್ಟದಲ್ಲಿ ಇಸ್ರಯೇಲರು ಸೋತಿದ್ದಾರೆ. ಅಮಾಲೇಕ್ಯ ತರುಣನೊಬ್ಬ ಬಟ್ಟೆ ಹರಿದುಕೊಂಡು, ತಲೆಯ ಮೇಲೆ ಮಣ್ಣು ಹಾಕಿಕೊಂಡು ದಾವೀದನ ಮುಂದೆ ಬಂದು ಅಡ್ಡಬೀಳುತ್ತಾನೆ. ಸೌಲರಾಜ ಸತ್ತ, ಯೋನಾತಾನನೂ ಸತ್ತ ಎನ್ನುತ್ತಾನೆ. ಅದು ನಿಜವೇ. ಅವನು ತಂದು ತೋರಿಸಿದ ರಾಜನ ಕಿರೀಟ, ತೋಳಬಂದಿಗಳೂ ನಿಜವಾದವೇ. ಆದರೆ ರಾಜನನ್ನು ತಾನೇ ಕೊಂದೆನೆಂದು ಅವನು ಸೇರಿಸಿದ ಮಾತು ಮಾತ್ರ ಸುಳ್ಳು. ಸೌಲನು ತನ್ನ ಕತ್ತಿಯ ಮೇಲೆ ತಾನೇ ಬಿದ್ದು ಸತ್ತನೆಂದು ಹಿಂದಿನ ಅಧ್ಯಾಯದಲ್ಲೇ ಓದಿದ್ದೇವೆ. ದಾವೀದನನ್ನು ಬೇಟೆಯಾಡಿದ ರಾಜ ಸತ್ತನೆಂದರೆ ದಾವೀದನಿಗೆ ಸಂತೋಷವಾದೀತು, ತನಗೆ ಬಹುಮಾನ ಸಿಕ್ಕೀತು ಎಂದು ಆ ತರುಣ ಲೆಕ್ಕ ಹಾಕಿದ್ದ. ದಾವೀದನೇ ಮುಂದೊಮ್ಮೆ ಇದನ್ನು ನೆನಪಿಸಿಕೊಂಡಿದ್ದಾನೆ.

ಸುದ್ದಿ ಕೇಳಿದೊಡನೆ ದಾವೀದನು ಆ ತರುಣನನ್ನು ಕೇಳಿದ್ದು, ಇದು ನಿನಗೆ ಹೇಗೆ ಗೊತ್ತು ಎಂದು. ಆಮೇಲೆ ಶತ್ರುವಿಗಾಗಿ ಸಂಜೆಯವರೆಗೆ ಉಪವಾಸವಿದ್ದು ಅತ್ತ.

ನಮ್ಮಲ್ಲಿ ಐವತ್ತು ದಾಟಿದವರಿಗೆ 1990ರ ಆಗಸ್ಟ್ ತಿಂಗಳು ಮರೆತಿರಲಾರದು. ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿತು. ಅಲ್ಲಿ ದುಡಿಯುತ್ತಿದ್ದ ಭಾರತೀಯರಲ್ಲಿ ಮಂಗಳೂರು, ಉಡುಪಿ ಕಡೆಯ ನಮ್ಮವರೂ ಎಷ್ಟೋ ಮಂದಿ ಇದ್ದರು. ಸುಮಾರು 1,70,000 ಜನರನ್ನು, ಹೆಚ್ಚಿನವರನ್ನು ಜೋರ್ಡಾನಿನ ಅಮ್ಮಾನ್ ಮೂಲಕ, ವಿಮಾನಗಳಲ್ಲಿ ಊರಿಗೆ ಕರೆತರಲಾಯಿತು. ಹಾಗಾಗಿ ಆ ಯುದ್ಧ ನಮಗೆ ಬರೀ ಪೇಪರಿನ ಸುದ್ದಿಯಾಗಿರಲಿಲ್ಲ.

ಅದೇ ವರ್ಷ ಅಕ್ಟೋಬರ್ 10ರಂದು ಅಮೆರಿಕದ ವಾಷಿಂಗ್ಟನ್‌ನಲ್ಲಿ, ಸಂಸದರ ಮಾನವ ಹಕ್ಕುಗಳ ಕೂಟವೊಂದರ ಮುಂದೆ 15 ವರ್ಷದ ಕುವೈತಿ ಹುಡುಗಿಯೊಬ್ಬಳು ಕಣ್ಣೀರಿಡುತ್ತಾ ಸಾಕ್ಷಿ ನುಡಿದಳು. ಹೆಸರು ನಯೀರಾ ಎಂದಷ್ಟೇ ಹೇಳಲಾಯಿತು. ಇರಾಕಿ ಸೈನಿಕರು ಆಸ್ಪತ್ರೆಗೆ ನುಗ್ಗಿ, ಇನ್‌ಕ್ಯುಬೇಟರ್‌ಗಳಿಂದ ಹಸುಗೂಸುಗಳನ್ನು ತೆಗೆದು ತಣ್ಣನೆಯ ನೆಲದ ಮೇಲೆ ಸಾಯಲು ಬಿಟ್ಟರು, ತಾನದನ್ನು ಕಂಡೆ ಎಂದಳು. ಹೆತ್ತ ಕರುಳುಳ್ಳ ಯಾರಿಗೆ ತಾನೆ ಎದೆ ಒಡೆಯದು? ಅಧ್ಯಕ್ಷ ಬುಷ್ ಆ ಕಥೆಯನ್ನು ಮತ್ತೆ ಮತ್ತೆ ಹೇಳಿದರು. ಆಮ್ನೆಸ್ಟಿಯಂಥ ಸಂಸ್ಥೆಯೂ ಡಿಸೆಂಬರಿನಲ್ಲಿ 300ಕ್ಕೂ ಹೆಚ್ಚು ಕೂಸುಗಳು ಹೀಗೆ ಸತ್ತವೆಂದು ಬರೆಯಿತು. 1991ರ ಜನವರಿ 12ರಂದು ಅಮೆರಿಕದ ಸೆನೆಟ್ 52ಕ್ಕೆ 47 ಮತಗಳಿಂದ ಯುದ್ಧಕ್ಕೆ ಒಪ್ಪಿಗೆ ಕೊಟ್ಟಿತು. ಅಲ್ಲಿಯೂ ಈ ಕೂಸುಗಳ ಮಾತು ಬಂದಿತ್ತು.

ಯುದ್ಧ ಮುಗಿದ ಮೇಲೆ ಪತ್ರಕರ್ತರು ಕುವೈತಿನ ಆಸ್ಪತ್ರೆಗಳಿಗೆ ಹೋಗಿ ವೈದ್ಯರನ್ನು ಕೇಳಿದರು. ಕಥೆಗೆ ಆಧಾರ ಸಿಗಲಿಲ್ಲ. ಏಪ್ರಿಲಿನಲ್ಲಿ ಆಮ್ನೆಸ್ಟಿ ತನ್ನ ಮಾತನ್ನು ಹಿಂತೆಗೆದುಕೊಂಡಿತು. 1992ರ ಜನವರಿಯಲ್ಲಿ ಉಳಿದದ್ದೂ ಬೆಳಕಿಗೆ ಬಂತು: ಆ ಹುಡುಗಿ ಅಮೆರಿಕದಲ್ಲಿದ್ದ ಕುವೈತಿನ ರಾಯಭಾರಿಯ ಮಗಳು. ಅವಳ ಸಾಕ್ಷ್ಯದ ಹಿಂದೆ ಇದ್ದದ್ದು ಹಿಲ್ ಅಂಡ್ ನೋಲ್ಟನ್ ಎಂಬ ಪ್ರಚಾರ ಕಂಪನಿ. ಯುದ್ಧದ ಪರ ಪ್ರಚಾರಕ್ಕೆ ಅದು ಪಡೆದದ್ದು ಒಂದು ಕೋಟಿ ಡಾಲರಿಗೂ ಹೆಚ್ಚು.

ಇಲ್ಲಿ ಒಂದು ಮಾತು ಹೇಳಲೇಬೇಕು. ಇರಾಕಿನ ಸೇನೆ ಕುವೈತಿನಲ್ಲಿ ಮಾಡಿದ ಕೊಲೆ, ಲೂಟಿ, ಹಿಂಸೆ ಸುಳ್ಳಲ್ಲ. ಅಮಾಲೇಕ್ಯನ ಕೈಯಲ್ಲಿದ್ದ ಕಿರೀಟದಂತೆ ಅವೆಲ್ಲ ನಿಜವೇ. ನಿಜದ ಪಕ್ಕದಲ್ಲಿ ಇಟ್ಟದ್ದರಿಂದಲೇ ಸುಳ್ಳು ಅಷ್ಟು ಸುಲಭವಾಗಿ ಚಲಾವಣೆಯಾಯಿತು. ಅದೇ ಹೊತ್ತಿನಲ್ಲಿ ಟಿವಿಯಲ್ಲಿ ಬಾಂಬುಗಳು ಗುರಿಯನ್ನು ಕೂದಲೆಳೆಯಷ್ಟೂ ತಪ್ಪದೆ ಹೊಡೆಯುವ ಚಿತ್ರಗಳು ಬರುತ್ತಿದ್ದವು. ಅಂಥ ಬಾಂಬುಗಳು ಹಾಕಿದ್ದರಲ್ಲಿ ಹತ್ತನೆಯ ಒಂದು ಪಾಲೂ ಇರಲಿಲ್ಲ ಎಂಬುದು ತಿಳಿದದ್ದು ಆಮೇಲೆ. 1991ರ ಫೆಬ್ರವರಿ 13ರ ಮುಂಜಾನೆ ಬಾಗ್ದಾದಿನ ಅಮಿರಿಯಾ ಆಶ್ರಯತಾಣದ ಮೇಲೆ ಎರಡು ಬಾಂಬು ಬಿದ್ದು, ನಿದ್ರಿಸುತ್ತಿದ್ದ 400ಕ್ಕೂ ಹೆಚ್ಚು ಜನ ಸತ್ತರು. ಬಹಳಷ್ಟು ಮಂದಿ ಹೆಂಗಸರು, ಮಕ್ಕಳು. ಅದು ಸೇನೆಯ ಆಜ್ಞಾಕೇಂದ್ರವಾಗಿತ್ತೆಂದು ಅಮೆರಿಕ ಹೇಳಿತು. ಪಂಚಾಂಗ ತೆಗೆದು ನೋಡಿ: ಅಂದು ವಿಭೂತಿ ಬುಧವಾರ.

ಬೇರೆಯವರ ಸುಳ್ಳನ್ನು ಗುರುತಿಸುವುದು ಅಷ್ಟೇನೂ ಕಷ್ಟವಲ್ಲ ಬಿಡಿ. 2025ರ ಮೇ ತಿಂಗಳಿಗೆ ಬರೋಣ. ಭಾರತ, ಪಾಕಿಸ್ತಾನಗಳ ನಡುವೆ ಕಾದಾಟ ನಡೆದ ಆ ದಿನಗಳಲ್ಲಿ ಕರಾಚಿ ಬಂದರು ಧ್ವಂಸವಾಯಿತೆಂದು ನಮ್ಮದೇ ಕೆಲವು ಚಾನೆಲ್ಲುಗಳು ರಾತ್ರಿ ಕೂಗಿದವು. ಹಾಗೇನೂ ಆಗಿರಲಿಲ್ಲ. ಗಡಿಯಾಚೆಯಲ್ಲೂ ಇದೇ ಕಥೆ. ವಿಡಿಯೋ ಗೇಮಿನ ತುಣುಕುಗಳೇ ಯುದ್ಧದ ದೃಶ್ಯಗಳಾಗಿ ಓಡಾಡಿದವು. ಇವನ್ನು ನಕ್ಕು ಬಿಡಬಹುದು. ಪೂಂಚ್‌ನಲ್ಲಿ ನಡೆದದ್ದನ್ನು ಹಾಗೆ ಬಿಡಲಾಗದು.

ಮೇ 7ರಂದು ಆ ಊರಿನ ಮೇಲೆ ಪಾಕಿಸ್ತಾನದ ಶೆಲ್‌ಗಳು ಬಿದ್ದವು. ನಮ್ಮ ಸಿ.ಎಂ.ಐ. ಸಭೆಯ ಗುರುಗಳು ನಡೆಸುವ ಕ್ರೈಸ್ಟ್ ಶಾಲೆಯ ಇಬ್ಬರು ಮಕ್ಕಳು ಸತ್ತರು. ಅದೇ ದಿನ ಅದೇ ಊರಿನ ಒಬ್ಬ ಮದರಸಾ ಶಿಕ್ಷಕರೂ ಸತ್ತರು. ಆದರೆ ನಮ್ಮ ಕೆಲವು ಚಾನೆಲ್ಲುಗಳು ಅವರ ಭಾವಚಿತ್ರ ತೋರಿಸಿ, ಹತನಾದ ಭಯೋತ್ಪಾದಕ ಎಂದವು. ಪೂಂಚ್ ಪೊಲೀಸರೇ ಮುಂದೆ ಬಂದು ಅದು ಸುಳ್ಳೆಂದು ಹೇಳಬೇಕಾಯಿತು. ಸತ್ತವನು ಎದ್ದು ಬಂದು ತನ್ನ ಪರ ಮಾತಾಡಲಾರ. ಮಣ್ಣು ಮಾಡಿ ಮನೆಗೆ ಮರಳಿದ ಹೆಂಡತಿ ಮಕ್ಕಳಿಗೆ ಟಿವಿಯಲ್ಲಿ ಕಾಣುವುದು ಆ ಮಾತು.

ದೇವರ ಎಂಟನೆಯ ಕಟ್ಟಳೆಯನ್ನು ಧರ್ಮೋಪದೇಶದ ತರಗತಿಯಲ್ಲಿ ಬಾಯಿಪಾಠ ಮಾಡಿದ್ದೇವೆ. ಅದು ಪತ್ರಕರ್ತರಿಗಷ್ಟೇ ಕೊಟ್ಟದ್ದಲ್ಲವಲ್ಲ. ಜಗದ್ಗುರು ಫ್ರಾನ್ಸಿಸರು 2018ರ ಸಂಪರ್ಕ ಮಾಧ್ಯಮ ದಿನದ ಸಂದೇಶದಲ್ಲಿ ಏದೆನ್ ತೋಟದ ಸರ್ಪವನ್ನು ನೆನಪಿಸಿದ್ದರು. ಅದು ಹವ್ವಳಿಗೆ ಹೇಳಿದ್ದೂ ತಿರುಚಿದ ಸುದ್ದಿಯೇ. ಈಗ ಸರ್ಪಕ್ಕೆ ಹೆಚ್ಚು ಕೆಲಸವಿಲ್ಲ. ಫೋನಿನಲ್ಲಿ ಬಂದದ್ದನ್ನು ನಾವೇ ಹೆಬ್ಬೆರಳಿನಿಂದ ಮುಂದಕ್ಕೆ ತಳ್ಳುತ್ತೇವೆ. ನೆರೆಯವನ ತಪ್ಪನ್ನು ಸಾಕಷ್ಟು ಆಧಾರವಿಲ್ಲದೆ ಮನಸ್ಸಿನಲ್ಲೇ ನಂಬುವುದೂ ಪಾಪವೆಂದು ಧರ್ಮಸಭೆಯ ಧರ್ಮೋಪದೇಶ ಹೇಳುತ್ತದೆ. ಶತ್ರುವಿನ ಬಗ್ಗೆ ಬಂದ ಕೆಟ್ಟ ಸುದ್ದಿ ಕೇಳಿ ಒಳಗೊಳಗೇ ಖುಷಿಯಾದರೆ, ಅಲ್ಲಿಯೇ ದಾವೀದನ ಪ್ರಶ್ನೆ ಕೇಳಬೇಕು. ಇದನ್ನು ಕಂಡವರು ಯಾರು? ಹೇಳಿದವರಿಗೆ ಇದರಿಂದ ಏನು ಲಾಭ? ನಾಳೆಯವರೆಗೆ ಕಾದರೆ ನಷ್ಟವೇನು?

ಪಾಪನಿವೇದನೆಯ ಬಗ್ಗೆಯೂ ಒಂದು ಮಾತು. ಹಣ ಕದ್ದವನು ಕ್ಷಮೆ ಬೇಡಿದರಷ್ಟೇ ಸಾಲದು, ಹಣವನ್ನೂ ಹಿಂದಿರುಗಿಸಬೇಕು. ಒಬ್ಬರ ಹೆಸರು ಕೆಡಿಸಿದವನಿಗೂ ಇದೇ ನಿಯಮ. ಯುದ್ಧದ ದಿನಗಳಲ್ಲಿ ಕಳಿಸಿದ ಸುದ್ದಿ ಸುಳ್ಳೆಂದು ತಿಳಿದರೆ ಸದ್ದಿಲ್ಲದೆ ಅಳಿಸಿಹಾಕಿ ಸುಮ್ಮನಾಗುವುದು ಹಲವರ ರೂಢಿ. ಅದೇ ಗುಂಪಿಗೆ, ಅದೇ ಜನರಿಗೆ, ಅದು ಸುಳ್ಳಾಗಿತ್ತೆಂದು ಎರಡು ಸಾಲು ಬರೆದು ಕಳಿಸಿ. ಸತ್ತ ವ್ಯಕ್ತಿಯ ಬಗೆಗಿನ ಮಾತಾದರೆ ಇನ್ನೂ ಬೇಗ ಕಳಿಸಿ. ಅಂದಿನ ಜಪಸರದಲ್ಲಿ ಅವರ ಮನೆಯವರಿಗಾಗಿ ಒಂದು ದಶಕ ಹೇಳಿ.