ಹೆಸರು ಬಿಟ್ಟರೂ ಗುರುತು ಸಿಗುವ ದನಿ

ಸಮುದಾಯ ಬಾನುಲಿಯ ಮಹಿಳಾ ಕಾರ್ಯಕ್ರಮವೊಂದಕ್ಕಾಗಿ ಬೈಲಹೊಂಗಲದ ಹತ್ತಿರದ ಹಳ್ಳಿಯಲ್ಲಿ ಬೀಸುಕಲ್ಲಿನ ಪದಗಳನ್ನು ಧ್ವನಿಮುದ್ರಿಸಿಕೊಳ್ಳುತ್ತಿದ್ದೆ. ಹಾಡು ಮುಗಿದ ಮೇಲೆ ಮಾತು ಕುಡಿಯುವ ನೀರಿನ ಕಡೆ ತಿರುಗಿತು. ಹಾಡಿದ ಹಿರಿಯಾಕೆ ಸಿಟ್ಟಿನಿಂದಲೇ ನಾಲ್ಕು ಮಾತಾಡಿದರು. ‘ನಿಮ್ಮ ಹೆಸರು ಹೇಳೂದಿಲ್ಲ ಬಿಡ್ರಿ’ ಎಂದೆ. ಅವರು ನಕ್ಕರು: ‘ಹೆಸರು ಬಿಟ್ರ ಏನಾತ ತಂಗಿ, ದನಿ ಗುರುತು ಸಿಗೂದಿಲ್ಲೇನು?’

‘ದನಿ ಇಲ್ಲದವರಿಗೆ ದನಿ’ ಎಂದು ಸಮುದಾಯ ಬಾನುಲಿಯನ್ನು ಹೊಗಳುತ್ತೇವೆ. ಆಕೆಗೆ ದನಿ ಇತ್ತು. ಅದು ಯಾರ ಕಿವಿಗೆ ಬೀಳುತ್ತದೆ ಎಂಬುದೇ ಅವರ ಲೆಕ್ಕವಾಗಿತ್ತು.

ಬಾನಲೆಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು. ಆದರೂ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 2003ರಲ್ಲಿ ‘ನಮ್ಮ ಧ್ವನಿ’ ಶುರುವಾದಾಗ ಹಳ್ಳಿಯ ಜನಕ್ಕೆ ಪರವಾನಗಿ ಸಿಗುವಂತಿರಲಿಲ್ಲ. ಕಾರ್ಯಕ್ರಮಗಳು ಟಿವಿ ಕೇಬಲ್ಲಿನ ತಂತಿಯಲ್ಲಿ ಮನೆ ಸೇರಿದವು. 2006ರ ನೀತಿ ಸ್ವಯಂಸೇವಾ ಸಂಸ್ಥೆಗಳಿಗೂ ಬಾಗಿಲು ತೆರೆಯಿತು. ಆದರೆ ಪ್ರಸಾರ ಹತ್ತು–ಹದಿನೈದು ಕಿಲೋಮೀಟರಿನಷ್ಟೇ.

ಈ ಅಳತೆಯನ್ನು ಕೊರತೆ ಎಂದೇ ತಿಳಿದಿದ್ದೆ. ಈಗ ಹಾಗನ್ನಿಸುವುದಿಲ್ಲ. 1950ರಿಂದ ನಮ್ಮ ಮನೆಗಳಿಗೆ ಬರುತ್ತಿರುವ ಧಾರವಾಡ ಆಕಾಶವಾಣಿಯ ದನಿ ದೂರದ್ದು. ಊರಿನ ಬಾನುಲಿಯ ದನಿ ಪಕ್ಕದ ಓಣಿಯದು. ಪಂಚಾಯತಿ ಸದಸ್ಯ, ಅತ್ತೆ, ಭಾವ ಎಲ್ಲರೂ ಅದೇ ಹತ್ತು ಕಿಲೋಮೀಟರಿನೊಳಗಿದ್ದಾರೆ. ಹಾಗಾಗಿ ಮಾತಾಡುವವಳಿಗೆ ಅಪಾಯ ಹೆಚ್ಚು. ಕೇಳುವವರಿಗೂ ತಪ್ಪಿಸಿಕೊಳ್ಳಲು ದಾರಿ ಕಡಿಮೆ. ನಗರದಲ್ಲಿ ಕೂತ ನಾನು ‘ಪಾಪ’ ಅಂದು ಮುಂದಿನದಕ್ಕೆ ಹೋಗಬಹುದು. ಕೇಳಿದ ನೆರೆಯವರು ಮರುದಿನ ನಳದ ಹತ್ತಿರ ಆಕೆಗೆ ಎದುರಾಗುತ್ತಾರೆ. ಅಲ್ಲಿ ಸುಮ್ಮನಿದ್ದರೂ ಅದೊಂದು ಉತ್ತರವೇ.

ಆ ಉತ್ತರ ಚುಚ್ಚುಮಾತೂ ಆಗಬಹುದು. ಆದ್ದರಿಂದ ಇನ್ನೊಬ್ಬರ ಧೈರ್ಯವನ್ನು ನಾವು ನಿಶ್ಚಯಿಸುವಂತಿಲ್ಲ. ಬೆಲೆ ತೆರುವವರೇ ಪ್ರಸಾರದ ತೀರ್ಮಾನವನ್ನೂ ಮಾಡಬೇಕು.

ಮುಂದಿನ ವಾರ ಮುದ್ರಿಸಿದ್ದನ್ನೆಲ್ಲ ಅವರಿಗೇ ಕೇಳಿಸಿದೆ. ಕೊನೆಯವರೆಗೂ ಕೇಳಿ ಅಂದರು: ‘ಹಾಡು ಹಾಕು. ನೀರಿನ ಮಾತು ಈಗ ಬ್ಯಾಡ. ಸಂಘದಾಗ ಹತ್ತು ಮಂದಿ ಕೂಡಿ ಹೇಳ್ತೀವಿ.’

ಬೂದಿಕೋಟೆಯಲ್ಲೂ ಬಾನುಲಿಗಿಂತ ಮೊದಲು ಮಹಿಳಾ ಸಂಘಗಳಿದ್ದವು. ಆ ಕ್ರಮ ಯಾಕೆಂದು ನನಗೆ ಅವತ್ತು ತಿಳಿಯಿತು. ನೀರಿನ ಭಾಗವನ್ನು ಅವರ ಮುಂದೆಯೇ ಅಳಿಸಿ, ಸಂಘದ ಸಭೆ ಯಾವಾಗ ಎಂದು ಕೇಳಿದೆ.