ಅಗ್ಗದ ವಿಮಾನಯಾನವೂ ದಿಗ್ವ್ರತವೂ

ಹತ್ತು ದಿಕ್ಕುಗಳಿಗೂ ಮೇರೆಯನ್ನು ಗೊತ್ತುಮಾಡಿಕೊಂಡು, ಜೀವಮಾನಪರ್ಯಂತ ಅದರಾಚೆಗೆ ಹೋಗುವುದಿಲ್ಲವೆಂದು ಸಂಕಲ್ಪಿಸುವುದೇ ದಿಗ್ವ್ರತ. ಸಮುದ್ರ, ನದಿ, ಅಡವಿ, ಪರ್ವತ, ಜನಪದ, ಯೋಜನ ಇವುಗಳಿಂದ ಮೇರೆಯನ್ನು ಗುರುತಿಸಬೇಕೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ತಿಳಿಸಿದ್ದಾರೆ. ಕಾಲ್ನಡಿಗೆಯಲ್ಲಿಯೋ ಗಾಡಿಯಲ್ಲಿಯೋ ಸಂಚರಿಸುತ್ತಿದ್ದ ಗೃಹಸ್ಥನನ್ನು ಕಡಲೂ ಕಾಡೂ ತಾವಾಗಿಯೇ ತಡೆಯುತ್ತಿದ್ದವು. ಇಂದು ಬೆಂಗಳೂರಿನಿಂದ ಕೊಲಂಬೊ ನಗರಕ್ಕಿರುವ ಸುಮಾರು 700 ಕಿಲೋಮೀಟರು ದೂರವನ್ನು ವಿಮಾನವು ಒಂದೂವರೆ ಗಂಟೆಯ ಆಸುಪಾಸಿನಲ್ಲಿ ಕ್ರಮಿಸುತ್ತದೆ. 2003ರಲ್ಲಿ ಕರ್ನಾಟಕದವರೇ ಆದ ಕ್ಯಾಪ್ಟನ್ ಗೋಪಿನಾಥರು ಏರ್ ಡೆಕ್ಕನ್ ಸಂಸ್ಥೆಯ ಮೂಲಕ ಅಗ್ಗದ ದರದ ವಿಮಾನ ಸಂಚಾರವನ್ನು ಆರಂಭಿಸಿದಂದಿನಿಂದ, ಆಕಾಶಮಾರ್ಗವು ಸಿರಿವಂತರ ಸೊತ್ತಾಗಿ ಉಳಿದಿಲ್ಲ. ಹೀಗಿರುವಾಗ ದಿಗ್ವ್ರತಕ್ಕೆ ಅರ್ಥವಿದೆಯೇ ಎಂಬ ಪ್ರಶ್ನೆ ಏಳುವುದು ಸಹಜ.

ಒಬ್ಬ ವೃದ್ಧ ಶ್ರಾವಕನನ್ನು ಭಾವಿಸಿಕೊಳ್ಳೋಣ. ದಕ್ಷಿಣಕ್ಕೆ ಕನ್ಯಾಕುಮಾರಿಯ ಕಡಲು, ಉತ್ತರಕ್ಕೆ ಸಮ್ಮೇದಶಿಖರಜಿ ಎಂದು ಅವನು ಮುನಿಗಳ ಸನ್ನಿಧಿಯಲ್ಲಿ ಮೇರೆಯನ್ನು ಸ್ವೀಕರಿಸಿದ್ದಾನೆ. ಮಗನು ಪಿತೃಭಕ್ತಿಯಿಂದಲೇ ಸಿಂಹಳಕ್ಕೆ ಟಿಕೇಟು ತರುತ್ತಾನೆ. ಪಾಂಡುಕಾಭಯನೆಂಬ ಅರಸನು ಅನುರಾಧಪುರದಲ್ಲಿ ನಿರ್ಗ್ರಂಥರಿಗೆ ವಸತಿಗಳನ್ನು ಕಟ್ಟಿಸಿದನೆಂದು ಬೌದ್ಧರ ಮಹಾವಂಶವು ಹೇಳುತ್ತದೆ. ಆ ನೆಲವನ್ನು ತಂದೆಯವರು ಕಣ್ಣಾರೆ ಕಾಣಲೆಂಬುದು ಮಗನ ಆಸೆ. ದರ ಅಲ್ಪ, ಹೋಗದಿದ್ದರೆ ಹಣ ಹಿಂದಿರುಗದು. ಶ್ರಾವಕನು ಏನು ಮಾಡಬೇಕು?

ಉತ್ತರಕ್ಕೆ ಇನ್ನು ಹೋಗುವುದಿಲ್ಲ, ಅಲ್ಲಿ ಬಿಟ್ಟ ದೂರವನ್ನು ದಕ್ಷಿಣಕ್ಕೆ ಸೇರಿಸಿಕೊಳ್ಳುತ್ತೇನೆ ಎಂದು ಮನಸ್ಸು ಮೊದಲು ಲೆಕ್ಕ ಹಾಕುತ್ತದೆ. ತತ್ತ್ವಾರ್ಥಸೂತ್ರವು ಇದನ್ನು ಕ್ಷೇತ್ರವೃದ್ಧಿಯೆಂಬ ಅತಿಚಾರವಾಗಿ ಎಣಿಸಿದೆ. ಮೇರೆಯನ್ನು ಮರೆಯುವುದೂ ಅತಿಚಾರವೇ. ಪೂಜ್ಯಪಾದರು ಪರ್ವತಾರೋಹಣದ ನಿದರ್ಶನದಿಂದ ವಿವರಿಸಿದ ಊರ್ಧ್ವವ್ಯತಿಕ್ರಮವು, ಹತ್ತು ಕಿಲೋಮೀಟರು ಎತ್ತರದಲ್ಲಿ ಹಾರುವ ವಿಮಾನಕ್ಕೆ ಅನ್ವಯಿಸದೆ ಇರಲಾರದು. ಪ್ರಮಾದದಿಂದಾದ ದೋಷಕ್ಕೆ ಪ್ರಾಯಶ್ಚಿತ್ತವುಂಟು. ಆದರೆ ಹಿಂದಿರುಗಿ ಬಂದು ಪ್ರಾಯಶ್ಚಿತ್ತ ಮಾಡಿಕೊಂಡರಾಯಿತೆಂದು ತಿಳಿದೂ ತಿಳಿದೂ ದಾಟುವುದು ಅತಿಚಾರವಲ್ಲ, ಅದು ವ್ರತಭಂಗ.

ಪ್ರಾಚೀನ ನಿರ್ಗ್ರಂಥರ ನೆಲೆಯನ್ನು ಕಾಣುವುದು ಸತ್ಕಾರ್ಯವಲ್ಲವೇ ಎಂದು ಕೇಳಬಹುದು. ಹೌದು, ಸತ್ಕಾರ್ಯವೇ. ಆದರೆ ಆ ನಿರ್ಗ್ರಂಥರನ್ನು ಪೂಜ್ಯರನ್ನಾಗಿಸಿದ್ದು ಅವರ ವ್ರತನಿಷ್ಠೆ. ಅವರನ್ನು ನೆನೆಯಲೆಂದು ವ್ರತವನ್ನು ಮುರಿದು ಹೊರಡುವುದು ಅವರಿಗೆ ಸಲ್ಲಿಸುವ ಗೌರವವಾಗದು. ಮೇರೆಯಾಚೆ ಸೂಕ್ಷ್ಮಪಾಪದಿಂದಲೂ ನಿವೃತ್ತನಾದ ಗೃಹಸ್ಥನ ಅಣುವ್ರತಗಳು ಅಲ್ಲಿ ಮಹಾವ್ರತಗಳ ಸದೃಶತೆಯನ್ನು ಪಡೆಯುತ್ತವೆಯೆಂದು ಆಚಾರ್ಯರು ತಿಳಿಸಿದ್ದಾರೆ. ಅಷ್ಟು ದೊಡ್ಡ ಲಾಭವನ್ನು ಟಿಕೇಟಿನ ಹಣದೊಡನೆ ತೂಗುವುದುಂಟೇ?

ಪ್ರಯಾಣದ ದರ ಇಳಿದಿದೆಯೇ ಹೊರತು ಅದರಲ್ಲಿನ ಆರಂಭ ಇಳಿದಿಲ್ಲ. ಅಗ್ಗದ ಆಸನದಡಿಯಲ್ಲಿಯೂ ಅದೇ ಇಂಧನ ಉರಿಯುತ್ತದೆ, ಅಗ್ನಿಕಾಯ ವಾಯುಕಾಯ ಜೀವಗಳಿಗೆ ಅದೇ ಬಾಧೆ. ಅಗ್ಗವಾಗಿದೆಯೆಂಬುದೇ ಪ್ರಯಾಣಕ್ಕೆ ಕಾರಣವಾದರೆ ಅದು ಅನರ್ಥದಂಡಕ್ಕೆ ತೀರ ಸಮೀಪ. ಇನ್ನೊಂದು ವಿಚಾರವೂ ಗಮನಾರ್ಹ. ಕೈಚೀಲ 7 ಕಿಲೋಗ್ರಾಮನ್ನು ಮೀರಕೂಡದೆಂದು ಅಗ್ಗದ ವಿಮಾನಗಳವರು ವಿಧಿಸಿದರೆ, ಪ್ರಯಾಣಿಕನು ಮನೆಯಲ್ಲಿಯೇ ತೂಗಿ, ಮಿಕ್ಕ ಬಟ್ಟೆಯನ್ನು ತೆಗೆದಿಡುತ್ತಾನೆ. ದಂಡದ ಭಯದಿಂದ ಪರಿಮಾಣವನ್ನು ಪಾಲಿಸಬಲ್ಲವನು, ತಾನೇ ಸ್ವಂತ ಇಚ್ಛೆಯಿಂದ ಸ್ವೀಕರಿಸಿದ ಪರಿಮಾಣವನ್ನು ದುಸ್ಸಾಧ್ಯವೆನ್ನಲಾಗದು.

ಉದ್ಯೋಗ, ಚಿಕಿತ್ಸೆ, ವಿದ್ಯಾರ್ಜನೆಗಳಿಗಾಗಿ ಕಡಲಾಚೆ ಹೋಗುವ, ದಿಗ್ವ್ರತವನ್ನು ಸ್ವೀಕರಿಸದ ಗೃಹಸ್ಥರನ್ನು ಇದರಿಂದ ನಿಂದಿಸಿದಂತಾಗದು. ಅವರಿಗೂ ದೇಶವ್ರತದ ಮಾರ್ಗವಿದೆ. ನಾಲ್ಕು ದಿನ ಕೊಲಂಬೊ ನಗರದಲ್ಲಿರಬೇಕಾದವನು, ಆ ನಾಲ್ಕು ದಿನ ನಗರದ ಗಡಿಯನ್ನು ದಾಟೆನೆಂದು ಹೊರಡುವ ಮುನ್ನ ನಿಯಮ ತೆಗೆದುಕೊಳ್ಳಬಹುದು. ಹೊಸದಾಗಿ ದಿಗ್ವ್ರತವನ್ನು ಸ್ವೀಕರಿಸುವವರು ಮಕ್ಕಳಿರುವ ಊರು, ಮುಂದಿನ ಅವಶ್ಯಕತೆಗಳು ಎಲ್ಲವನ್ನೂ ಆಲೋಚಿಸಿ ಮೇರೆಯನ್ನು ನಿಶ್ಚಯಿಸಿ, ಬರೆದಿಟ್ಟುಕೊಂಡು, ಮನೆಯವರಿಗೂ ತಿಳಿಸಿರುವುದು ಶ್ರೇಯಸ್ಕರ. ಆ ಮಗನಿಗೆ ತಂದೆಯ ನಿಯಮ ಮೊದಲೇ ತಿಳಿದಿದ್ದರೆ ಹಣವೂ ಉಳಿಯುತ್ತಿತ್ತು, ಮನಸ್ತಾಪವೂ ತಪ್ಪುತ್ತಿತ್ತು.

ಹೋಗಲಾರದ ಕಾಲದಲ್ಲಿ ಹೋಗದೆ ಇದ್ದುದರಲ್ಲಿ ವ್ರತಿಕನ ಪಾಲೆಷ್ಟು, ಕಡಲಿನ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳುವುದು ಕಷ್ಟವಾಗಿತ್ತು. ಕೈಯಲ್ಲಿ ಟಿಕೇಟು ಹಿಡಿದು, ಮಗನಿಗೆ ಮೃದುವಾಗಿ ತನ್ನ ಮೇರೆಯನ್ನು ತಿಳಿಸಿ, ಮನೆಯಲ್ಲಿಯೇ ಸಾಮಾಯಿಕಕ್ಕೆ ಕುಳಿತ ಆ ವೃದ್ಧನ ವ್ರತದಲ್ಲಿ ಅಂಥ ಸಂದೇಹಕ್ಕೆ ಎಡೆಯಿಲ್ಲ.