ಸಹಿ ಯಾರದು?

ಕಳೆದ ಚಳಿಗಾಲದಲ್ಲಿ ಒಂದು ಸಂಜೆ ನನ್ನ ಮಗಳು ಒಂದು ಅರ್ಜಿಯನ್ನು ತಂದು ನನ್ನ ಮುಂದೆ ಇಟ್ಟಳು. ಹನ್ನೊಂದನೆಯ ತರಗತಿಯಲ್ಲಿದ್ದ ಅವಳು, ಹಲವು ದೇಶಗಳ ವಿದ್ಯಾರ್ಥಿಗಳಿಗಾಗಿ ಏರ್ಪಟ್ಟಿದ್ದ ಒಂದು ಸ್ಪರ್ಧೆಗೆ ಕಥೆ ಕಳಿಸುವವಳಿದ್ದಳು. ಕಥೆ, ಚಿತ್ರ, ಕಿರುಚಿತ್ರ ಯಾವುದಾದರೂ ಆಗಬಹುದು. ವಿಷಯ ಮಾತ್ರ ಎಲ್ಲರಿಗೂ ಒಂದೇ: ಕೃತಕ ಬುದ್ಧಿಮತ್ತೆ ಮತ್ತು ನೀತಿ. ಅರ್ಜಿಯ ಕೊನೆಯಲ್ಲಿ ತಂದೆ ಅಥವಾ ತಾಯಿ ಸಹಿ ಮಾಡಬೇಕಾದ ಒಂದು ಹೇಳಿಕೆ ಇತ್ತು. ಇದು ನಮ್ಮ ಮಗುವಿನ ಸ್ವಂತ ರಚನೆ. ಯಂತ್ರದ ನೆರವು ಪಡೆದಿದ್ದರೆ ಎಲ್ಲಿ, ಎಷ್ಟು ಎಂಬುದನ್ನು ಕೆಳಗಿನ ಅಂಕಣದಲ್ಲಿ ತಿಳಿಸಿದ್ದೇವೆ ಎಂದು ಅದರ ಒಕ್ಕಣೆ. ಅಂಕಣ ಖಾಲಿಯಾಗಿತ್ತು. ನಾನು ದಿಲ್ಲಿಯ ಕೇಂದ್ರ ಸರ್ಕಾರಿ ಕಚೇರಿಯೊಂದರಲ್ಲಿ ಇಪ್ಪತ್ತೊಂದು ವರ್ಷದಿಂದ ಗುಮಾಸ್ತ. ಸಹಿ ಹಾಕುವುದಕ್ಕೆ ನನ್ನ ಕೈಗೆ ಬುದ್ಧಿಯ ಅಪ್ಪಣೆ ಬೇಕಾಗಿಲ್ಲ. ಹಾಕಿ ಕೊಟ್ಟೆ. ಅದು ಸುಳ್ಳು ಸಹಿ ಎಂಬುದು ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ.

ಅವಳ ಕಥೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ತಿಪಟೂರಿನ ಕಡೆಯ ಒಬ್ಬ ಅಜ್ಜಿ ಮೊಮ್ಮಗಳ ಫೋನಿನಲ್ಲಿರುವ ಮಾತನಾಡುವ ಯಂತ್ರದೊಂದಿಗೆ ಹರಟೆಗೆ ಕೂರುತ್ತಾಳೆ. ಅಜ್ಜಿಯ ಆಡುಮಾತು ಯಂತ್ರಕ್ಕೆ ತಿಳಿಯುವುದಿಲ್ಲ. ಅದರ ಪುಸ್ತಕದ ಕನ್ನಡ ಅಜ್ಜಿಗೆ ಹಿಡಿಸುವುದಿಲ್ಲ. ಕೊನೆಗೆ ಅಜ್ಜಿ ಯಂತ್ರದ ಕ್ಷಮೆ ಕೇಳುತ್ತಾಳೆ. "ನಂದೇ ತಪ್ಪಿರ್ಬೇಕು ಕಣಮ್ಮ, ನಂಗೆ ಸರಿಯಾಗಿ ಮಾತಾಡಕ್ ಬರಲ್ಲ." ಇದು ನಮ್ಮ ತಾಯಿಯವರು ನಿಜವಾಗಿ ಆಡಿದ ಮಾತು. ಮಗಳು ಅದನ್ನು ಇಂಗ್ಲಿಷಿಗೆ ತಂದಿದ್ದಳು, ಏಕೆಂದರೆ ಸ್ಪರ್ಧೆಯ ಭಾಷೆ ಇಂಗ್ಲಿಷ್. ವಾಕ್ಯಗಳು ಚಿಕ್ಕವು, ಪದಗಳು ಸಾಧಾರಣ. ಕೊನೆಯ ಭಾಗ ಸ್ವಲ್ಪ ಬಡವಾಗಿ ಕಂಡಿತು. ಅವಳು ಮಲಗಿದ ಮೇಲೆ ಆ ಒಂದು ಭಾಗವನ್ನು ನನ್ನ ಫೋನಿನಲ್ಲಿದ್ದ ಯಂತ್ರಕ್ಕೆ ಕೊಟ್ಟು, ಇಂಗ್ಲಿಷ್ ಚೆನ್ನಾಗಿ ಮಾಡಿಕೊಡು ಎಂದೆ. ಕ್ಷಣಾರ್ಧದಲ್ಲಿ ಮಾಡಿಕೊಟ್ಟಿತು. ಅದನ್ನೇ ಅವಳ ಕಡತಕ್ಕೆ ಸೇರಿಸಿದೆ. ಬೆಳಿಗ್ಗೆ ಕೇಳಿದಾಗ "ಒಂದೆರಡು ತಪ್ಪು ತಿದ್ದಿದೆ" ಎಂದೆ. ನೀತಿಯ ಸ್ಪರ್ಧೆಗೆ ಹೋಗುವ ಕಥೆಗೆ ಹೀಗೆ ಮಾಡಿದೆನೆಂದು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಮುಂದಿನ ವಾರ ಶಾಲೆಯಿಂದ ಕರೆ ಬಂತು. ಕಳಿಸುವ ಮುನ್ನ ಎಲ್ಲ ಮಕ್ಕಳ ಬರವಣಿಗೆಯನ್ನೂ ಒಂದು ಪರೀಕ್ಷಾ ತಂತ್ರಾಂಶಕ್ಕೆ ಹಾಕಿ ನೋಡಿದ್ದರಂತೆ. ಮನುಷ್ಯ ಬರೆದದ್ದೋ ಯಂತ್ರ ಬರೆದದ್ದೋ ಎಂದು ಹೇಳುವ ತಂತ್ರಾಂಶ ಅದು. ನಮ್ಮ ಹುಡುಗಿಯ ಕಥೆಯಲ್ಲಿ ಅಜ್ಜಿಯ ಭಾಗವೆಲ್ಲ ಹಳದಿ ಬಣ್ಣ ಬಳಿದುಕೊಂಡು ಕೂತಿತ್ತು. ಅಂದರೆ ಯಂತ್ರದ ಬರಹ. ಕೊನೆಯ ಭಾಗ, ಅಂದರೆ ನಾನು ಯಂತ್ರದಿಂದ ಮಾಡಿಸಿದ್ದು, ಅಚ್ಚ ಬಿಳಿ. ಅದು ಮನುಷ್ಯನದು!

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇದೇನು ಪವಾಡ ಎಂದು ಆಮೇಲೆ ಓದಿ ನೋಡಿದೆ, ಪವಾಡವೇನಲ್ಲ. ಈ ತಂತ್ರಾಂಶಗಳು ಮುಖ್ಯವಾಗಿ ನೋಡುವುದು, ಒಂದು ಪದದ ಮುಂದೆ ಯಾವ ಪದ ಬರುತ್ತದೆಂದು ಎಷ್ಟು ಸುಲಭವಾಗಿ ಊಹಿಸಬಹುದು ಎಂಬುದನ್ನು. ಸುಲಭವಾಗಿ ಊಹಿಸಬಹುದಾದರೆ ಯಂತ್ರದ್ದು, ಅನಿರೀಕ್ಷಿತವಾದರೆ ಮನುಷ್ಯನದು. ಆದರೆ ಪರಭಾಷೆಯನ್ನು ಕಲಿತು ಬರೆಯುವವನು ತನಗೆ ಖಚಿತವಾಗಿ ಗೊತ್ತಿರುವ ಕೆಲವೇ ಪದಗಳಲ್ಲಿ ಹುಷಾರಾಗಿ ಹೆಜ್ಜೆ ಇಡುತ್ತಾನಲ್ಲವೇ? ಅವನ ಬರಹ ಸಹಜವಾಗಿಯೇ ಊಹೆಗೆ ಸಿಗುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ, ಇಂಗ್ಲಿಷ್ ತಾಯಿನುಡಿಯಲ್ಲದವರು ಟೋಫೆಲ್ ಪರೀಕ್ಷೆಗಾಗಿ ಬರೆದ 91 ಪ್ರಬಂಧಗಳನ್ನು ಇಂಥ ಏಳು ತಂತ್ರಾಂಶಗಳಿಗೆ ಕೊಟ್ಟು ನೋಡಿದರು. ಸರಾಸರಿ ನೂರಕ್ಕೆ 61ರಷ್ಟನ್ನು ಅವು ಯಂತ್ರದ ಬರಹವೆಂದು ತಪ್ಪಾಗಿ ಹೇಳಿದವು. ಅಮೆರಿಕದ ಎಂಟನೆಯ ತರಗತಿಯ ಮಕ್ಕಳ ಪ್ರಬಂಧಗಳ ವಿಷಯದಲ್ಲಿ ಹೆಚ್ಚುಕಡಿಮೆ ತಪ್ಪೇ ಆಗಲಿಲ್ಲ. ಸ್ವಾರಸ್ಯ ಇರುವುದು ಮುಂದೆ: ಅದೇ ಟೋಫೆಲ್ ಪ್ರಬಂಧಗಳ ಪದಗಳನ್ನು ಇಂಗ್ಲಿಷರ ಮಾತಿನಂತೆ ಶ್ರೀಮಂತಗೊಳಿಸು ಎಂದು ಚಾಟ್‌ಜಿಪಿಟಿಗೇ ಹೇಳಿ, ತಿದ್ದಿಸಿ ಮತ್ತೆ ಕೊಟ್ಟಾಗ ಆ 61 ಸುಮಾರು 12ಕ್ಕೆ ಇಳಿಯಿತು. ಪ್ರಾಮಾಣಿಕನಿಗೆ ಶಂಕೆ, ವೇಷ ಹಾಕಿದವನಿಗೆ ಮರ್ಯಾದೆ. ಚಾಟ್‌ಜಿಪಿಟಿಯನ್ನು ಹೊರತಂದ ಓಪನ್‌ಎಐ ಸಂಸ್ಥೆ ತಾನೇ ಮಾಡಿದ್ದ ಇಂಥದೊಂದು ಪರೀಕ್ಷಕವನ್ನು, ಅದರ ನಿಖರತೆ ಸಾಲದೆಂದು, 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು.

ಈ ಪಾಂಡಿತ್ಯವೆಲ್ಲ ನಂತರದ್ದು. ಅಂದು ಶಾಲೆಯಿಂದ ಬಸ್ಸಿನಲ್ಲಿ ಬರುವಾಗ ಮಗಳು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಹೇಳಿದಳು: "ನನ್ನ ಇಂಗ್ಲಿಷೇ ಸರಿ ಇಲ್ಲವೇನೋ ಅಪ್ಪ. ಅದಕ್ಕೇ ಅದಕ್ಕೆ ಹಾಗನ್ನಿಸಿರಬೇಕು."

ಅಜ್ಜಿಯ ಮಾತೇ. ಒಂದು ಅಕ್ಷರವೂ ಹೆಚ್ಚುಕಡಿಮೆಯಿಲ್ಲ. ಕಥೆ ಬರೆದವಳಿಗೇ ಅದು ಹೊಳೆಯಲಿಲ್ಲ.

ಮನೆಗೆ ಬಂದ ಮೇಲೆ ನಡೆದುದನ್ನೆಲ್ಲ ಹೇಳಿದೆ. ಸಿಟ್ಟಾಗುತ್ತಾಳೆಂದುಕೊಂಡಿದ್ದೆ, ಸುಮ್ಮನೆ ನನ್ನ ಮುಖ ನೋಡಿದಳು, ಅದು ಇನ್ನೂ ಕಷ್ಟ. ಆಗ ನಾನು, ತಪ್ಪು ಒಪ್ಪಿಕೊಳ್ಳುವ ಎಲ್ಲ ದೊಡ್ಡವರಂತೆ, ವಾದ ಹೂಡಿದೆ. ಕಚೇರಿಯಲ್ಲಿ ನನ್ನ ಬದುಕೆಲ್ಲ ಇದೇ ತಾನೆ? ಟಿಪ್ಪಣಿ ನನ್ನದು, ಕರಡು ನನ್ನದು. ಮೇಲಿನವರು ಎರಡು ಪದ ತಿದ್ದುತ್ತಾರೆ, ಅದರ ಮೇಲಿನವರು ಸಹಿ ಮಾಡುತ್ತಾರೆ, ಪತ್ರ ಅವರ ಹೆಸರಿನಲ್ಲಿ ಹೋಗುತ್ತದೆ. ಅದನ್ನು ಯಾರೂ ಕಳ್ಳತನವೆನ್ನುವುದಿಲ್ಲ. ಮಹಾಭಾರತಕ್ಕೂ ಗಣಪತಿ ಎಂಬ ಗುಮಾಸ್ತ ಬೇಕಾಗಿರಲಿಲ್ಲವೇ?

"ಗಣಪತಿ ಅರ್ಥ ಮಾಡಿಕೊಂಡು ತಾನೇ ಬರೀಬೇಕಾಗಿತ್ತು?" ಎಂದಳು. ಕಥೆ ನಾನೇ ಅವಳಿಗೆ ಚಿಕ್ಕಂದಿನಲ್ಲಿ ಹೇಳಿದ್ದು. ತನ್ನ ಲೇಖನಿ ನಿಲ್ಲಬಾರದೆಂದು ಗಣಪತಿಯ ಷರತ್ತು. ಅರ್ಥವಾಗದೆ ಒಂದು ಶ್ಲೋಕವನ್ನೂ ಬರೆಯಕೂಡದೆಂದು ವ್ಯಾಸರ ಷರತ್ತು. ಇಂದಿನ ಯಂತ್ರ ಮೊದಲನೆಯದನ್ನು ಗಣಪತಿಗಿಂತ ಚೆನ್ನಾಗಿ ಪಾಲಿಸುತ್ತದೆ. ಎರಡನೆಯದರ ವಿಷಯದಲ್ಲಿ ಪಂಡಿತರೇ ಇನ್ನೂ ಜಗಳವಾಡುತ್ತಿದ್ದಾರೆ.

ಆ ರಾತ್ರಿ ನನ್ನ ವಾದವನ್ನು ನಾನೇ ತಿರುಗಿಸಿ ನೋಡಿದೆ. ಅಧಿಕಾರಿಯ ಸಹಿ 'ಇದನ್ನು ನಾನು ಬರೆದೆ' ಎಂದು ಹೇಳುವುದಿಲ್ಲ. 'ಇದಕ್ಕೆ ನಾನು ಉತ್ತರ ಹೇಳುತ್ತೇನೆ' ಎಂದು ಹೇಳುತ್ತದೆ. ನಾಳೆ ಲೆಕ್ಕಪರಿಶೋಧನೆಯವರು ಬಂದರೆ ಕೇಳುವುದು ಅವರನ್ನು. ಎಡಗಡೆಯ ನನ್ನ ಪುಟ್ಟ ಇನಿಷಿಯಲ್ ಹಿಡಿದು ನನ್ನನ್ನೂ ಕೇಳಬಹುದು. ಈಗ ಇ-ಆಫೀಸಿನಲ್ಲಿ ಇನಿಷಿಯಲ್ ಹೋಗಿ ಗುಂಡಿ ಬಂದಿದ್ದರೂ ಹೆಸರು ಉಳಿದಿದೆ. ಆದರೆ ಸ್ಪರ್ಧೆಗೆ ಬರೆದ ಮಗುವಿನ ಸಹಿ ಬೇರೆ ಜಾತಿಯದು. ಅಲ್ಲಿ ಯಾರಿಗೂ ಕಥೆಯೊಂದು ಬೇಕಾಗಿರಲಿಲ್ಲ, ಜಗತ್ತಿನಲ್ಲಿ ಕಥೆಗಳಿಗೇನು ಕೊರತೆ; ಈ ಮಗು ಈ ವಿಷಯದಲ್ಲಿ ತಾನಾಗಿ ಏನು ಯೋಚಿಸಿತು ಎಂಬುದು ಬೇಕಾಗಿತ್ತು. ನಾನು ಅದರ ಜಾಗದಲ್ಲಿ ಬೇರೊಂದನ್ನಿಟ್ಟೆ. ಥರ್ಮೋಕೋಲಿನಲ್ಲಿ ಮಕ್ಕಳ ಪ್ರಾಜೆಕ್ಟ್ ಮಾಡಿಕೊಡುವ ಅಂಗಡಿಗಳಿಗೆ ಅಲೆದ ತಂದೆತಾಯಿಗಳಿಗೆಲ್ಲ ಈ ಪಾಪ ಹಳೆಯದೇ. ಅಂಗಡಿಗೆ ಹೋಗುವ ಶ್ರಮ ಮಾತ್ರ ಈಗ ತಪ್ಪಿದೆ.

ಹಾಗಾದರೆ ಹೇಳಿಬಿಟ್ಟರೆ ಸಾಕೇ? 2022ರಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯದ ಮೇಳದಲ್ಲಿ ಜೇಸನ್ ಅಲೆನ್ ಎಂಬವರ ಚಿತ್ರಕ್ಕೆ ಡಿಜಿಟಲ್ ಕಲೆಯ ವಿಭಾಗದಲ್ಲಿ 300 ಡಾಲರಿನ ಮೊದಲ ಬಹುಮಾನ ಬಂತು. ತಾನು ಮಿಡ್‌ಜರ್ನಿಯ ಮೂಲಕ ಮಾಡಿದ್ದೆಂದು ಅವರು ಅರ್ಜಿಯಲ್ಲೇ ಬರೆದಿದ್ದರು. ಆದರೆ ಮಿಡ್‌ಜರ್ನಿ ಎಂದರೆ ಚಿತ್ರ ರಚಿಸುವ ಯಂತ್ರ ಎಂಬುದು ತೀರ್ಪುಗಾರರಿಗೆ ಗೊತ್ತಿರಲಿಲ್ಲ. ಅಂದರೆ, ಕೇಳುವವನಿಗೆ ಅರ್ಥವಾಗದಂತೆ ನಿಜ ಹೇಳುವುದೂ ಒಂದುಂಟು. ನಾವು ಸರ್ಕಾರಿ ನೌಕರರು ಇದರಲ್ಲಿ ನಿಷ್ಣಾತರು. ಇನ್ನೊಂದು ಉದಾಹರಣೆ ಜರ್ಮನಿಯ ಬೋರಿಸ್ ಎಲ್ಡಾಗ್ಸೆನ್ ಅವರದು. 2023ರಲ್ಲಿ ಸೋನಿ ವಿಶ್ವ ಛಾಯಾಚಿತ್ರ ಪ್ರಶಸ್ತಿಗಳ ಒಂದು ವಿಭಾಗದಲ್ಲಿ ಗೆದ್ದ ಮೇಲೆ, ಇದು ಯಂತ್ರ ರಚಿಸಿದ ಚಿತ್ರ, ಛಾಯಾಚಿತ್ರದೊಂದಿಗೆ ಸ್ಪರ್ಧಿಸಬಾರದು ಎಂದು ಹೇಳಿ ಬಹುಮಾನವನ್ನು ನಿರಾಕರಿಸಿದರು. ಜಪಾನಿನ ಲೇಖಕಿ ರಿಯೆ ಕುಡಾನ್ 2024ರ ಜನವರಿಯಲ್ಲಿ ಅಕುತಗಾವ ಪ್ರಶಸ್ತಿ ಪಡೆದಾಗ, ಕಾದಂಬರಿಯ ಸುಮಾರು ನೂರಕ್ಕೆ ಐದರಷ್ಟು ಭಾಗ ಯಂತ್ರದ ವಾಕ್ಯಗಳೇ ಎಂದು ಬಹಿರಂಗವಾಗಿ ಹೇಳಿದರು. ಕಾದಂಬರಿಯ ಪಾತ್ರ ಯಂತ್ರವನ್ನು ಪ್ರಶ್ನಿಸುವ ಕಡೆ ಯಂತ್ರದ ಉತ್ತರವನ್ನೇ ಇಟ್ಟಿದ್ದರು. ನನಗೆ ಇದರಲ್ಲಿ ದೋಷ ಕಾಣುವುದಿಲ್ಲ. ಯಾವ ವಾಕ್ಯ ಯಾರದೆಂದು ಅವರಿಗೆ ಗೊತ್ತಿತ್ತು, ಅಲ್ಲಿ ಅದೇಕೆ ಇದೆ ಎಂದು ಕೇಳಿದರೆ ಉತ್ತರವೂ ಇತ್ತು. ನನ್ನ ಮಗಳನ್ನು ಆ ಕೊನೆಯ ಭಾಗದ ಬಗ್ಗೆ ಯಾರಾದರೂ ಕೇಳಿದ್ದರೆ ಪಾಪದ ಹುಡುಗಿ ಏನು ಹೇಳಬೇಕಾಗಿತ್ತು?

ಆದರೆ ನನ್ನ ನಿದ್ದೆ ಕೆಡಿಸಿದ್ದು ಬಹುಮಾನಗಳ ವಿಷಯವಲ್ಲ. ಹಳದಿ ಬಣ್ಣ. ನೆದರ್ಲೆಂಡ್ಸ್ ದೇಶದಲ್ಲಿ ಮಕ್ಕಳ ಪಾಲನೆಗೆಂದು ಸರ್ಕಾರ ಕೊಡುವ ಭತ್ಯೆಯ ಅರ್ಜಿಗಳಲ್ಲಿ ಯಾವುದು ಅನುಮಾನಾಸ್ಪದ ಎಂದು ಆರಿಸಲು ತೆರಿಗೆ ಇಲಾಖೆ 2013ರಿಂದ ಒಂದು ಗಣಕವ್ಯವಸ್ಥೆಯನ್ನು ಬಳಸುತ್ತಿತ್ತು. ಅರ್ಜಿದಾರ ಡಚ್ ಪ್ರಜೆಯೋ ಅಲ್ಲವೋ ಎಂಬುದೂ ಅದರ ಲೆಕ್ಕದೊಳಗೆ ಸೇರಿತ್ತು. ಸಾವಿರಾರು ತಂದೆತಾಯಿಗಳು ಮೋಸಗಾರರೆನಿಸಿಕೊಂಡು ಭತ್ಯೆಯನ್ನೆಲ್ಲ ಹಿಂದಿರುಗಿಸಬೇಕಾಯಿತು, ಸಾಲದಲ್ಲಿ ಮುಳುಗಿದರು. ಅವರಲ್ಲಿ ವಲಸೆ ಬಂದ ಮನೆತನದವರೇ ಬಹಳ. 2021ರ ಜನವರಿಯಲ್ಲಿ ಅಲ್ಲಿಯ ಮಂತ್ರಿಮಂಡಲವೇ ರಾಜೀನಾಮೆ ಕೊಟ್ಟಿತು. ಸುದ್ದಿಯನ್ನು ಓದುವಾಗ ನನಗೆ ಮಂತ್ರಿಗಳ ಚಿಂತೆಯಾಗಲಿಲ್ಲ. ಮೇಜಿನ ಆಚೆ ಕೂತ ಗುಮಾಸ್ತನನ್ನು ನೆನೆದೆ. ಪರದೆಯ ಮೇಲೆ ಕೆಂಪು ಗುರುತು ಬಂದಾಗ, ಎದುರಿಗಿದ್ದ ತಾಯಿ 'ಯಾಕೆ' ಎಂದು ಕೇಳಿದಾಗ, ಅವನು ಏನೆಂದಿರಬಹುದು? 'ಸಿಸ್ಟಮ್ ಹಾಗೆ ತೋರಿಸುತ್ತಿದೆ' ಎಂದಿರಬೇಕು. ನಾನೂ ನನ್ನ ಕಿಟಕಿಯಲ್ಲಿ ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ. ಎದುರಿಗಿರುವವರು ಮರುಮಾತಾಡದೆ ಕಾಗದ ಮಡಿಸಿಕೊಂಡು ಹೋಗುತ್ತಾರೆ, ತಪ್ಪು ತಮ್ಮದೇ ಇರಬೇಕೆಂದುಕೊಂಡು. ಈ ಊರಿನಲ್ಲಿ ನಮ್ಮ ಹಿಂದಿ ಅರೆಬರೆಯಾಗಿದ್ದ ದಿನಗಳಲ್ಲಿ ನಾವೆಲ್ಲ ಹಾಗೆ ಎಷ್ಟು ಕಿಟಕಿಗಳಿಂದ ಹಿಂದಿರುಗಿಲ್ಲ?

ಇನ್ನೊಂದು ನೆನಪಾಯಿತು. ಬಿ.ಎಸ್ಸಿ. ಓದುವಾಗ ರಸಾಯನಶಾಸ್ತ್ರದ ಪ್ರಯೋಗದಲ್ಲಿ ಬ್ಯುರೆಟ್ಟಿನ ಅಳತೆಗಳನ್ನು ನಾವು 'ಬೇಯಿಸುತ್ತಿದ್ದೆವು'. ಬರಬೇಕಾದ ಉತ್ತರ ಮೊದಲೇ ಗೊತ್ತು. ಅದಕ್ಕೆ ಹೊಂದುವಂತೆ ಅಳತೆ ಬರೆಯುವುದು. ಬೇಯಿಸಿದ ಅಳತೆಗಳು ಮೂರೂ ಸಲ ಕರಾರುವಾಕ್ಕಾಗಿ ಹೊಂದುತ್ತಿದ್ದವು, ಮೇಷ್ಟರ ಸಹಿ ಬೀಳುತ್ತಿತ್ತು. ನಮ್ಮ ಜೊತೆಯ ಒಬ್ಬ ಹುಡುಗ ಮಾತ್ರ ಕಣ್ಣಿಗೆ ಕಂಡದ್ದನ್ನೇ ಬರೆಯುತ್ತಿದ್ದ. ಅವನ ಅಳತೆಗಳು ಹೊಂದುತ್ತಿರಲಿಲ್ಲ. ಅವನ ರೆಕಾರ್ಡು ಪುಸ್ತಕದಲ್ಲಿ ಕೆಂಪು ಶಾಯಿಯೇ ಹೆಚ್ಚು.

ಬೆಳಿಗ್ಗೆ ಶಾಲೆಗೆ ನಾನೂ ಹೋದೆ. ಕೊನೆಯ ಭಾಗದ ವಿಷಯವನ್ನು ಶಿಕ್ಷಕಿಯವರಿಗೆ ಹೇಳಿದೆ. ಹಳದಿ ಭಾಗಕ್ಕೆ ಪುರಾವೆಯಾಗಿ ಮಗಳು ತನ್ನ ನೋಟುಬುಕ್ಕನ್ನು ತೋರಿಸಿದಳು: ಕನ್ನಡದಲ್ಲಿ ಬರೆದುಕೊಂಡ ಅಜ್ಜಿಯ ಮಾತು, ಅದರ ಕೆಳಗೆ ಹೊಡೆದುಹಾಕಿದ ಮೂರು ಇಂಗ್ಲಿಷ್ ವಾಕ್ಯಗಳು, ನಾಲ್ಕನೆಯದು ಕಥೆಯಲ್ಲಿದ್ದದ್ದು. ಶಿಕ್ಷಕಿ ತಮಿಳಿನವರು, ಕನ್ನಡದ ಅಕ್ಷರಗಳನ್ನು ಓದಲಾರದಿದ್ದರೂ ಹೊಡೆದುಹಾಕಿದ ಗೆರೆಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹೊಸ ಅರ್ಜಿ ಕೊಟ್ಟರು.

ಮಗಳು ಕೊನೆಯ ಭಾಗವನ್ನು ತೆಗೆದು ತನ್ನ ಬಡ ವಾಕ್ಯಗಳನ್ನೇ ಮತ್ತೆ ಹಾಕಿದಳು. ಖಾಲಿಯಿದ್ದ ಅಂಕಣದಲ್ಲಿ, ಒಂದು ಭಾಗವನ್ನು ನನ್ನ ತಂದೆ ಯಂತ್ರದಿಂದ ತಿದ್ದಿಸಿದ್ದರು, ಅದನ್ನು ತೆಗೆದಿದ್ದೇನೆ ಎಂದು ಬರೆದಳು. 'ತೆಗೆದ ಮೇಲೆ ಬರೆಯುವ ಅಗತ್ಯವೇನು?' ಎಂದು ನನ್ನ ಹೆಂಡತಿ ಕೇಳಿದಳು. ನನಗೂ ಹಾಗೆಯೇ ಅನ್ನಿಸಿತ್ತು, ಬಾಯಿ ಬಿಡಲಿಲ್ಲ. ಮಗಳು ಅರ್ಜಿಯನ್ನು ನನ್ನ ಕಡೆ ತಳ್ಳಿ ಪೆನ್ನು ಕೊಟ್ಟಳು. ಈ ಸಲ ಕನ್ನಡಕ ಹಾಕಿಕೊಂಡು, ಮೊದಲಿನಿಂದ ಕೊನೆಯವರೆಗೆ ಓದಿದೆ. ಅವಳು ಎದುರಿಗೆ ಕೂತು ಕಾಯುತ್ತಿದ್ದಳು.